ತಾಯ್ನುಡಿ: ಇತರೆ

ನೂರಕ್ಕೆ ನಿಮ್ಮೂರಲ್ಲಿ ಏನಂತಾರೆ?

ನೂರು ಅಂತಾರೆ. ಮುಗೀತು. ಅದನ್ನು ಕೇಳಿಸಿಕೊಳ್ಳಲು ಯಾರೂ ಜರ್ಮನಿಯಿಂದ ವಿಮಾನ ಹತ್ತಿ ಬರುವುದಿಲ್ಲ. ನಿಮ್ಮಜ್ಜಿ ಹೇಳಿದ ‘ನೂರು’ ನಿಜವೋ ಸುಳ್ಳೋ ಎಂದು ನೆದರ್‌ಲ್ಯಾಂಡ್ಸಿನ ಪ್ರೊಫೆಸರು ಪುಟಗಟ್ಟಲೆ ಬರೆಯುವುದೂ ಇಲ್ಲ.

ಬಂಗಾಣದ ಅಜ್ಜಿಗೆ ಆ ಭಾಗ್ಯ ಒದಗಿತು. ಅವಳ ಬಾಯಿಂದ ಬಂದದ್ದೆನ್ನಲಾದ ಒಂದು ‘ನೂರು’ ಯುರೋಪಿನ ಭಾಷಾಪಂಡಿತರ ನಿದ್ದೆ ಕೆಡಿಸಿತು. ವರ್ಷಗಟ್ಟಲೆ ಜಗಳ ನಡೆಯಿತು. ಆಮೇಲೆ ಜಗಳ ತಣ್ಣಗಾಯಿತು. ಅಜ್ಜಿಯೂ ತಣ್ಣಗಾಗಿರಬೇಕು. ಬದುಕಿದ್ದಾಗ ಅವಳ ನುಡಿಯನ್ನು ಈ ದೇಶ ಯಾವ ಖಾನೆಗೆ ಹಾಕಿತ್ತು ಗೊತ್ತೆ?

ಖಾನೆಯೇ ಇರಲಿಲ್ಲ. ಹಿಂದಿ ಅನ್ನಿ, ಗಢವಾಲಿ ಅನ್ನಿ, ಎರಡೂ ಒಪ್ಪಿಗೆಯಿಲ್ಲವೆ? ‘ಇತರೆ’ ಅನ್ನಿ.

ಇದು ಬಂಗಾಣಿಯ ಕತೆ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆ, ಮೋರಿ ತಾಲೂಕು. ಒಂದು ಕಡೆ ಟೋನ್ಸ್ ನದಿ, ಇನ್ನೊಂದು ಕಡೆ ಪಬ್ಬರ್. ನಡುವಿನ ಏರಿಳಿತದಲ್ಲಿ ಬಂಗಾಣ ಎಂಬ ಸೀಮೆ. ಹಿಮಾಚಲದ ಗಡಿ ಕೂಗಳತೆಯಲ್ಲಿ. ಸೇಬಿನ ತೋಟಗಳು, ದೇವದಾರು ಕಾಡು, ಮರದ ಮನೆಗಳು. ಊರಿಗೆಲ್ಲ ದೊಡ್ಡ ದೈವ ಮಹಾಸು. ಟೋನ್ಸ್ ದಂಡೆಯ ಹನೋಲಿನಲ್ಲಿ ಅವನ ಗುಡಿ. ಈ ಸೀಮೆಯ ಜನ ಮನೆಯಲ್ಲಿ, ಹೊಲದಲ್ಲಿ, ದೇವರ ಮುಂದೆ ಆಡುವ ಮಾತು ಬಂಗಾಣಿ. ಯುನೆಸ್ಕೊದ ಅಪಾಯದ ನುಡಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಆಡುವವರು ಸುಮಾರು 12 ಸಾವಿರ ಎಂದು ಅಲ್ಲಿನ ಲೆಕ್ಕ.

ಹನ್ನೆರಡು ಸಾವಿರ ಜನ. ಬೆಂಗಳೂರಿನ ಒಂದು ವಾರ್ಡಿಗೂ ಸಾಲದು. ಅದಕ್ಕೇ ತಾನೆ ಯಾರೂ ತಲೆ ಕೆಡಿಸಿಕೊಳ್ಳದ್ದು?

ಮೊದಲು ಆ ಜಗಳದ ಕತೆ ಹೇಳುತ್ತೇನೆ. ಯಾಕೆಂದರೆ ಅದು ಚೆಂದದ ಕತೆ. ಚೆಂದದ ಕತೆಗಳಲ್ಲೇ ಅನ್ಯಾಯ ಚೆನ್ನಾಗಿ ಅಡಗಿ ಕೂರುವುದು.

ಕನ್ನಡದಲ್ಲಿ ಕಿವಿ. ತೆಲುಗಿನಲ್ಲಿ ಅದೇ ಚೆವಿ. ನಾವು ಕ ಅಂದಲ್ಲಿ ಅವರು ಚ ಅಂದರು. ಅಷ್ಟು ಸಣ್ಣ ಗುರುತು ಹಿಡಿದು ನುಡಿಗಳ ವಂಶಾವಳಿ ಬರೆಯುವವರಿದ್ದಾರೆ. ಇಂಡೋ-ಯುರೋಪಿಯನ್ ನುಡಿಗಳಲ್ಲೂ ಇಂಥದೇ ಒಂದು ಗೆರೆ ಉಂಟು. ಸಂಸ್ಕೃತದಲ್ಲಿ ನೂರಕ್ಕೆ ಶತಂ, ಲ್ಯಾಟಿನ್ನಿನಲ್ಲಿ ಕೆಂಟುಮ್. ಹಳೆಯ ಕ-ಕಾರ ಹಾಗೇ ಉಳಿದ ನುಡಿಗಳು ಕೆಂಟುಮ್ ಗುಂಪು. ಅದು ಸ-ಕಾರ, ಶ-ಕಾರವಾಗಿ ತಿರುಗಿದ ನುಡಿಗಳು ಸತಂ ಗುಂಪು. ನಮ್ಮ ದೇಶದ ಆರ್ಯನುಡಿಗಳೆಲ್ಲ ಸತಂ ಗುಂಪಿನವು. ಏಷ್ಯಾದ ಒಳನಾಡಿನಲ್ಲಿ ಕೆಂಟುಮ್ ನುಡಿ ಸಿಕ್ಕಿದ್ದು ಒಂದೇ ಕಡೆ, ಚೀನಾದ ಷಿನ್‌ಜಿಯಾಂಗಿನ ಮರಳಿನಡಿ. ಅದು ತೋಖಾರಿ. ಸತ್ತು ಸಾವಿರ ವರ್ಷದ ಮೇಲಾಗಿದೆ.

1988ರಲ್ಲಿ ಕ್ಲಾಸ್ ಪೀಟರ್ ಜೋಲರ್ ಎಂಬ ಜರ್ಮನ್ ವಿದ್ವಾಂಸ ಒಂದು ಲೇಖನ ಬರೆದ. ಬಂಗಾಣದಲ್ಲಿ ತಿರುಗಾಡಿ, ಹಾಡು ಕತೆ ಸಂಗ್ರಹಿಸಿ, ಅಲ್ಲಿನವರು ಬಾಯಲ್ಲೇ ಉಳಿಸಿಕೊಂಡ ಮಹಾಭಾರತ ಕೇಳಿ ಬಂದ ಮನುಷ್ಯ. ಅವನ ಪಟ್ಟಿ ನೋಡಿ ಪಂಡಿತರು ಕುರ್ಚಿಯಿಂದ ಎದ್ದು ನಿಂತರು. ನೂರಕ್ಕೆ ಕೊತೊ. ಹತ್ತಕ್ಕೆ ದೊಕೊ. ಹಾಲಿಗೆ ಲೊಕ್ತೊ. ಕಣ್ಣೀರಿಗೆ ದೊಕ್ರು. ಅಂದರೆ ಕ-ಕಾರ ಉಳಿದಿದೆ! ಹಿಮಾಲಯದ ಮೂಲೆಯ ಒಂದು ಪಹಾಡಿ ನುಡಿಯ ತಳದಲ್ಲಿ, ತುಪ್ಪ ಕಾಸಿದ ಪಾತ್ರೆಯ ಗಸಿಯ ಹಾಗೆ, ಯಾವುದೋ ಹಳೆಯ ಕೆಂಟುಮ್ ನುಡಿ ಅಂಟಿಕೊಂಡು ಕೂತಿದೆ ಎಂದು ಅವನ ವಾದ.

1996ರಲ್ಲಿ ಏಟು ಬಿತ್ತು. ಲೈಡನ್ನಿನ ಜಾರ್ಜ್ ವ್ಯಾನ್ ಡ್ರೀಮ್, ಪುಣೆಯ ಡೆಕ್ಕನ್ ಕಾಲೇಜಿನ ಸುಹ್ನು ರಾಮ್ ಶರ್ಮಾ ಇಬ್ಬರೂ ಬಂಗಾಣಕ್ಕೆ ಹೋಗಿ ಬಂದು, ಅಂಥ ಪದಗಳೇ ಇಲ್ಲ ಎಂದರು. ಮರುವರ್ಷ ಜೆಎನ್‌ಯುವಿನ ಅನ್ವಿತಾ ಅಬ್ಬಿ ತಾವೇ ಹೋಗಿ ಕೇಳಿ ಬಂದು, ಅವುಗಳಲ್ಲಿ ಹಲವು ಇವೆ ಎಂದು ಬರೆದರು. ಅಮೆರಿಕದಿಂದಲೂ ಒಂದಿಬ್ಬರು ಜೋಲರ್ ಪರ ನಿಂತರು. ಇಲ್ಲ, ಇದೆ. ಇದೆ, ಇಲ್ಲ. ನಿನ್ನ ಕಿವಿ ಕಿವುಡು. ನಿನ್ನ ನೋಟ್‌ಬುಕ್ ಸುಳ್ಳು.

ಯಾರು ಸರಿ? ನಾನು ಭಾಷಾವಿಜ್ಞಾನಿಯಲ್ಲ. ತೀರ್ಪು ಕೊಡುವುದಿಲ್ಲ. ವಿದ್ವಾಂಸರು ಜಗಳವಾಡಿದ್ದೂ ತಪ್ಪಲ್ಲ. ಜಗಳವಾಡದ ವಿದ್ವತ್ತು ಹುಳಿ ಬಾರದ ಹಿಟ್ಟು. ಕೊನೇಪಕ್ಷ ಅವರು ಆ ಬೆಟ್ಟ ಹತ್ತಿದರು. ನಮ್ಮ ಸರ್ಕಾರ ಅದನ್ನೂ ಮಾಡಲಿಲ್ಲ.

ಆದರೂ ಒಂದು ಪ್ರಶ್ನೆ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ಅಷ್ಟೂ ಜನ ಹುಡುಕಿದ್ದು ಏನನ್ನು? ಬಂಗಾಣಿಯನ್ನೋ, ಯುರೋಪಿನ ಮುತ್ತಜ್ಜನ ಮೂಳೆಯನ್ನೋ? ಲ್ಯಾಟಿನ್ನಿಗೆ ನಂಟಾದರೆ ಬಂಗಾಣಿ ಚಿನ್ನ. ಆಗದಿದ್ದರೆ ಅದೊಂದು ಮಾಮೂಲಿ ಪಹಾಡಿ ಬೋಲಿ. ಆ ನಾಲ್ಕು ಪದ ಬಿಟ್ಟು ಉಳಿದ ಸಾವಿರಾರು ಪದಗಳ ಗತಿ? ಹಿಮ ಬೀಳುವ ಬಗೆಗೆ, ಆಡಿನ ರೋಗಕ್ಕೆ, ಬೀಗರ ಮೇಲಿನ ಸಿಟ್ಟಿಗೆ ಅವರ ಮಾತುಗಳು? ಅವು ಲ್ಯಾಟಿನ್ನಿಗೆ ಹತ್ತಿರವಿಲ್ಲವೆಂದು ಸಾಯಬೇಕೆ?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಇಲ್ಲಿ ಗಂಡನೂ ಹೆಂಡತಿಯೂ ಪರವೂರಿನವರು. ಕೂಸು ಮಾತ್ರ ಅಲ್ಲಿಯದೇ.

ಲೆಕ್ಕ ಹಾಕಿ. 1988ರಲ್ಲಿ ಅರವತ್ತು ದಾಟಿದ್ದ ಮುದುಕ ಇವತ್ತು ಎಲ್ಲಿದ್ದಾನೆ? ಇದೆ ಎಂದವರಿಗೂ ಇಲ್ಲ ಎಂದವರಿಗೂ ಉತ್ತರ ಕೊಡಬಲ್ಲ ಬಾಯಿಗಳು ಮಣ್ಣಾಗಿವೆ. ಆ ವರ್ಷಗಳಲ್ಲಿ ಈ ದೇಶದ ಸರ್ಕಾರ ಒಬ್ಬ ನೌಕರನಿಗೆ ಒಂದು ಟೇಪ್ ರೆಕಾರ್ಡರ್ ಕೊಟ್ಟು ಊರೂರಿಗೆ ಕಳಿಸಿದ್ದರೆ ಸಾಕಿತ್ತು. ಬಾಹ್ಯಾಕಾಶಕ್ಕೆ ಉಪಗ್ರಹ ಕಳಿಸುವ ದೇಶಕ್ಕೆ ಒಂದು ಟೇಪ್ ರೆಕಾರ್ಡರ್ ಭಾರವಾಯಿತೆ?

ಭಾರವಾದದ್ದು ಟೇಪ್ ರೆಕಾರ್ಡರ್ ಅಲ್ಲ. ಅವರ ಲೆಕ್ಕದಲ್ಲಿ ಅಲ್ಲಿ ಉಳಿಸುವಂಥದು ಏನೂ ಇರಲಿಲ್ಲ. ಅಲ್ಲಿದ್ದದ್ದು ಹಿಂದಿ. ಹಿಂದಿಗೆ ಏನು ಕೇಡು?

ಈಗ ಬನ್ನಿ, ಆ ಲೆಕ್ಕ ನೋಡೋಣ. ನಿಧಾನವಾಗಿ ನೋಡೋಣ. ಈ ದೇಶದಲ್ಲಿ ನುಡಿಯನ್ನು ಕೊಲ್ಲಲು ಕತ್ತಿ ಬೇಕಿಲ್ಲ, ಕೂಡುವುದು ಗೊತ್ತಿದ್ದರೆ ಸಾಕು.

2011ರ ಜನಗಣತಿ. ತಾಯ್ನುಡಿ ಯಾವುದೆಂದು ಮನೆಮನೆಯಲ್ಲಿ ಕೇಳಿದರು. ನಿಯಮ ಚೆನ್ನಾಗಿದೆ: ಚಿಕ್ಕಂದಿನಲ್ಲಿ ತಾಯಿ ಆಡಿದ ನುಡಿ ಯಾವುದೋ ಅದೇ ತಾಯ್ನುಡಿ, ಜನ ಹೇಳಿದ್ದನ್ನು ಹಾಗೇ ಬರೆದುಕೊಳ್ಳಬೇಕು. ಬರೆದುಕೊಂಡರು. ದೇಶವೆಲ್ಲ ಸೇರಿ ಬಂದ ಹೆಸರುಗಳು 19,569. ಆಮೇಲೆ ಕಚೇರಿಯ ಬಾಗಿಲು ಮುಚ್ಚಿತು. ಒಳಗೆ ಬೀಸಿದರು, ಕೇರಿದರು, ಜರಡಿ ಹಿಡಿದರು. ಹೊರಬಂದದ್ದು 1,369. ಇನ್ನೂ 1,474 ಹೆಸರುಗಳನ್ನು ‘ವರ್ಗವಿಲ್ಲದವು’ ಎಂದು ಪಕ್ಕಕ್ಕೆ ಎಸೆದರು. ಆ 1,369ನ್ನು ಮತ್ತೆ ಮುದ್ದೆ ಕಟ್ಟಿ 121 ಭಾಷೆ ಮಾಡಿದರು. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಯ ಹೆಸರನ್ನು ಅಚ್ಚು ಹಾಕುವುದೇ ಇಲ್ಲ. ಇದು 1971ರಿಂದ ಬಂದ ಪದ್ಧತಿ. ಅದಕ್ಕೂ ಹಿಂದೆ, 1961ರಲ್ಲಿ, 1,652 ತಾಯ್ನುಡಿಗಳ ಹೆಸರು ಅಚ್ಚಾಗಿತ್ತು.

ಅತಿ ದೊಡ್ಡ ಮುದ್ದೆಯ ಹೆಸರು ಹಿಂದಿ. 52 ಕೋಟಿ 83 ಲಕ್ಷ. ದೇಶದ ನೂರರಲ್ಲಿ 43 ಜನ. ಟಿವಿಯಲ್ಲಿ, ಸಂಸತ್ತಿನಲ್ಲಿ, ರೈಲಿನಲ್ಲಿ ನಿಮ್ಮ ಮುಖಕ್ಕೆ ಹಿಡಿಯುವ ಅಂಕಿ ಅದೇ. ಆ ಮುದ್ದೆ ಮುರಿದು ನೋಡಿ. ‘ನನ್ನ ತಾಯ್ನುಡಿ ಹಿಂದಿ’ ಎಂಬ ಸಾಲಿಗೆ ಸೇರಿದವರು 32 ಕೋಟಿ 22 ಲಕ್ಷ. ಉಳಿದ 20 ಕೋಟಿ 61 ಲಕ್ಷ ಜನ ಹೇಳಿದ್ದು ಬೇರೆ ಬೇರೆ ಹೆಸರು. ಭೋಜ್‌ಪುರಿ 5 ಕೋಟಿ. ರಾಜಸ್ಥಾನಿ ಎರಡೂವರೆ ಕೋಟಿ. ಛತ್ತೀಸ್‌ಗಢಿ 1 ಕೋಟಿ 62 ಲಕ್ಷ. ಮಗಧಿ 1 ಕೋಟಿ 27 ಲಕ್ಷ. ಬೆಟ್ಟದಿಂದ ‘ಪಹಾಡಿ’ ಎಂದೇ ಹೇಳಿದವರು 32 ಲಕ್ಷ. ಕಾಂಗ್ಡಿ 11 ಲಕ್ಷ. ಮಂಡ್ಯಾಳಿ 6 ಲಕ್ಷ. ಕುಲ್ವಿ ಸುಮಾರು 2 ಲಕ್ಷ. ಜೌನ್ಸಾರಿ, ಸಿರ್ಮೌರಿ, ಚುರಾಹಿ, ಭದ್ರವಾಹಿ. ಪಾಂಗಿ ಕಣಿವೆಯ ಪಂಗ್ವಾಳಿ, 18 ಸಾವಿರ ಚಿಲ್ಲರೆ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿದರೆ ಹೊರಜಗತ್ತಿನ ಗಾಳಿಯೂ ಬೀಸದ ಕಣಿವೆ ಅದು. ಅಲ್ಲಿಗೆ ಅಕ್ಕಿ ತಲುಪುವುದು ಕಷ್ಟ. ಹಿಂದಿಯ ಲೆಕ್ಕ ಮಾತ್ರ ಸಲೀಸಾಗಿ ತಲುಪಿದೆ.

ನೂರು ಹಿಂದಿಯವರಲ್ಲಿ 39 ಜನ ತಾವು ಹಿಂದಿಯವರು ಎಂದು ಹೇಳಿದವರೇ ಅಲ್ಲ. ಕನ್ನಡಿಗರ ಒಟ್ಟು ಸಂಖ್ಯೆಯ ನಾಲ್ಕು ಪಟ್ಟಿಗೂ ಮಿಗಿಲಾದ ಜನ. ಅವರನ್ನು ಬಿಟ್ಟು ಲೆಕ್ಕ ಹಾಕಿದರೆ 43 ಇಳಿದು 26 ಆಗುತ್ತದೆ. ಈಗ ಹೇಳಿ, ಆ ಜರಡಿ ಯಾಕೆ ಬೇಕಿತ್ತು?

ಪಟ್ಟಿಯ ತಳದಲ್ಲಿ ಒಂದು ಸಾಲಿದೆ. ಹಿಂದಿಯ ಕೆಳಗೆ, ಹೆಸರಿನ ಗೌರವವೂ ಸಿಗದವರ ಸಾಲು. ‘ಇತರೆ’: 1,67,11,170. ಕೊನೆಯ ಸೊನ್ನೆಯವರೆಗೆ ಎಣಿಸಿದ್ದಾರೆ ನೋಡಿ. ತಲೆ ಎಣಿಸಲು ಬೇಕಾದ ಶ್ರದ್ಧೆಯೆಲ್ಲ ಇತ್ತು. ಹೆಸರು ಬರೆಯಲು ಇರಲಿಲ್ಲ. ಆ ಪಟ್ಟಿಯಲ್ಲಿ ಬಂಗಾಣಿ ಎಂಬ ಸಾಲು ಇಲ್ಲವೇ ಇಲ್ಲ.

‘ಅಯ್ಯೋ, ಅವೆಲ್ಲ ಉಪಭಾಷೆ ಕಣ್ರೀ’ ಅನ್ನುವವರು ಇಷ್ಟು ಹೊತ್ತಿಗೆ ಬಾಯಿ ತೆರೆದಿರುತ್ತಾರೆ. ಆಗಲಿ. ಅದಕ್ಕೂ ಉತ್ತರವಿದೆ.

ಉಪಭಾಷೆ ಅಂದವರು ಯಾರು? ಜಾರ್ಜ್ ಗ್ರಿಯರ್ಸನ್ ತನ್ನ ಭಾಷಾ ಸರ್ವೇಕ್ಷಣದಲ್ಲಿ, 1916ರಲ್ಲಿ ಅಚ್ಚಾದ ಸಂಪುಟದಲ್ಲಿ, ಪಹಾಡಿ ನುಡಿಗಳನ್ನು ಮೂರು ಮಾಡಿದ. ಮೂಡಣ ಪಹಾಡಿ, ನಡು ಪಹಾಡಿ, ಪಡುವಣ ಪಹಾಡಿ. ಹಿಂದಿಯ ಕೆಳಗಲ್ಲ, ಪಹಾಡಿ ಎಂದೇ ಬೇರೆ. ಮೂವರು ಅಕ್ಕತಂಗಿಯರು. ಮೂಡಣದವಳಿಗೆ ಒಂದು ದೇಶವಿತ್ತು, ಅರಸನಿದ್ದ, ಪಲ್ಟನ್ ಇತ್ತು. ಅವಳ ಹೆಸರು ನೇಪಾಳಿ. 1992ರಲ್ಲಿ ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದಕ್ಕೂ ಬಂದಳು. ಯಾರೂ ಅವಳನ್ನು ಹಿಂದಿಯ ಉಪಭಾಷೆ ಅನ್ನುವುದಿಲ್ಲ. ನಡುವಿನವಳು ಗಢವಾಲಿ, ಕುಮಾವೊನಿ. ಎರಡೂ ಸೇರಿ 45 ಲಕ್ಷ ಜನ. ಹಿಂದಿಯ ಹೊಟ್ಟೆಯಲ್ಲಿದ್ದಾರೆ. ಪಡುವಣದವಳು ತುಂಡುತುಂಡಾಗಿ ಕಣಿವೆಗೊಂದರಂತೆ ಚದುರಿದವಳು. ಅವಳ ಹೆಸರೂ ನೆಟ್ಟಗೆ ಸಿಕ್ಕಲಿಲ್ಲ.

ಡೋಗ್ರಿ ನೋಡಿ. ಗ್ರಿಯರ್ಸನ್ ಅದನ್ನು ಪಂಜಾಬಿಯ ಕೆಳಗಿಟ್ಟಿದ್ದ. ಕಾಂಗ್ಡಿಯನ್ನು ಡೋಗ್ರಿಯ ಮಗ್ಗುಲಲ್ಲಿ ಕೂರಿಸಿದ್ದ. ಡೋಗ್ರಿಗೆ ಜಮ್ಮು ಇತ್ತು, ಲೇಖಕರಿದ್ದರು, ಒತ್ತಾಯವಿತ್ತು. 1969ರಲ್ಲಿ ಸಾಹಿತ್ಯ ಅಕಾಡೆಮಿ ಒಪ್ಪಿತು. 2003ರ 92ನೇ ತಿದ್ದುಪಡಿಯಲ್ಲಿ ಎಂಟನೇ ಪರಿಚ್ಛೇದ ಸೇರಿತು. ಮಗ್ಗುಲಲ್ಲಿ ಕೂತಿದ್ದ ಕಾಂಗ್ಡಿ ಇವತ್ತು ಹಿಂದಿ! ಪಂಜಾಬಿ, ಡೋಗ್ರಿ, ಹಿಂದಿ. ಒಂದೇ ಮನೆಯ ಮಗು ಮೂರು ಸಲ ಅಪ್ಪನ ಹೆಸರು ಬದಲಿಸಿಕೊಳ್ಳಬೇಕೆ? ಈ ಅವಧಿಯಲ್ಲಿ ಕಾಂಗ್ಡಾದ ಹೆಂಗಸರ ನಾಲಿಗೆ ಬದಲಾಯಿತೆ? ಬದಲಾದದ್ದು ದೆಹಲಿಯ ಕಡತ.

ಇದನ್ನು ನೀವು ವರ್ಗೀಕರಣ ಅನ್ನುತ್ತೀರಾ? ಬೇಲಿ ಸರಿಸಿ ಪಕ್ಕದ ಹೊಲ ನುಂಗುವುದಕ್ಕೆ ಹಳ್ಳಿಯಲ್ಲಿ ಬೇರೆ ಹೆಸರಿದೆ.

ಬಂಗಾಣಿಯ ತಕರಾರೂ ಅಲ್ಲೇ ಇದೆ. ಕೆಂಟುಮ್ ಗದ್ದಲವನ್ನು ಮರೆತುಬಿಡಿ. ಅದಕ್ಕಿಂತ ಹಳೆಯ ಪ್ರಶ್ನೆ: ಇದು ಗಢವಾಲಿಯೋ, ಪಡುವಣ ಪಹಾಡಿಯೋ? ಜಿಲ್ಲೆ ಗಢವಾಲದ್ದು, ಆದ್ದರಿಂದ ನುಡಿಯೂ ಗಢವಾಲಿ ಎಂದು ಒಂದು ವಾದ. ಜಿಲ್ಲೆಯ ಗೆರೆ ಎಳೆದವರು ನಾಲಿಗೆ ನೋಡಿ ಎಳೆದರೆ? ಟೋನ್ಸ್ ಆಚೆಯ ಜೌನ್ಸಾರಿ, ಹಿಮಾಚಲದ ಮಹಾಸುವಿ, ಇವುಗಳ ಜೊತೆ ಬಂಗಾಣಿಗೆ ನೆಂಟಸ್ತನ ಗಟ್ಟಿ. ಜೋಲರನೂ ಅದನ್ನು ಪಡುವಣ ಪಹಾಡಿ ಎಂದೇ ಬರೆದ. ದೈವವೂ ಅದನ್ನೇ ಹೇಳುತ್ತದೆ. ಮಹಾಸುವಿನ ಸೀಮೆ ಜೌನ್ಸಾರ್, ಬಂಗಾಣ, ಹಿಮಾಚಲದ ಮೇಲ್ಬೆಟ್ಟ ಮೂರನ್ನೂ ದಾಟಿಕೊಂಡು ಹೋಗುತ್ತದೆ. ದೇವರಿಗೆ ಗೊತ್ತಿರುವುದು ಗಣತಿ ನಡೆಸುವ ಗೃಹ ಇಲಾಖೆಗೆ ಗೊತ್ತಿಲ್ಲ.

ಗಣೇಶ ದೇವಿಯವರ ಜನಭಾಷಾ ಸಮೀಕ್ಷೆಯವರಿಗೆ ಗೊತ್ತಾಯಿತಲ್ಲ? 2010ರಲ್ಲಿ ಶುರುವಾದ ಕೆಲಸ. ಸರ್ಕಾರದ ಹಣವಿಲ್ಲ, ಸರ್ಕಾರದ ಜರಡಿಯೂ ಇಲ್ಲ. ದೇಶದಲ್ಲಿ 780 ನುಡಿ ಎಣಿಸಿದರು. ಉತ್ತರಾಖಂಡದ ಸಂಪುಟದಲ್ಲಿ 13 ನುಡಿಗಳು, ಬಂಗಾಣಿಯೂ ಒಂದು. ದೇವಿಯವರು ಆಮೇಲೆ ನಮ್ಮ ಧಾರವಾಡಕ್ಕೇ ಬಂದು ನೆಲೆಸಿದರು. ಜನರೇ ಸೇರಿ ಮಾಡಬಲ್ಲ ಕೆಲಸ ಸಾವಿರಾರು ಗುಮಾಸ್ತರಿರುವ ಸರ್ಕಾರಕ್ಕೆ ಆಗದೆ? ಆಗುತ್ತದೆ. ಬೇಕಾಗಿಲ್ಲ.

ಬೇಕಾದ್ದನ್ನು ಸರ್ಕಾರ ಎಷ್ಟು ಬೇಗ ಮಾಡುತ್ತದೆ ನೋಡಿ. ಉತ್ತರಾಖಂಡ ಹುಟ್ಟಿದ್ದು 2000ದ ನವೆಂಬರ್ 9ಕ್ಕೆ. ಬೆಟ್ಟದ ಜನರ ರಾಜ್ಯ ಎಂದು, ಬೆಟ್ಟದ ಹೆಂಗಸರು ಬೀದಿಗಿಳಿದು ತಂದ ರಾಜ್ಯ. ಹತ್ತು ವರ್ಷಕ್ಕೆ ಎರಡನೇ ಆಡಳಿತ ಭಾಷೆ ಆರಿಸಿಕೊಂಡಿತು. ಗಢವಾಲಿಯೆ? ಅಲ್ಲ. ಕುಮಾವೊನಿಯೆ? ಅಲ್ಲ. ಜೌನ್ಸಾರಿ? ಬಂಗಾಣಿ? ನಗಬೇಡಿ. ಸಂಸ್ಕೃತ! ಇಡೀ ದೇಶದಲ್ಲಿ ತಾಯ್ನುಡಿ ಸಂಸ್ಕೃತ ಎಂದವರು 2011ರಲ್ಲಿ 24,821 ಜನ. ಸಂಸ್ಕೃತದ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅದು ಯಾರನ್ನೂ ಕೇಳಿ ಬರಲಿಲ್ಲ. ಆದರೆ ಹೊಟ್ಟೆಗೆ ಹಿಟ್ಟಿಲ್ಲದ ಮನೆಯಲ್ಲಿ ಜುಟ್ಟಿಗೆ ಮಲ್ಲಿಗೆ ಮುಡಿಸಿದವರನ್ನು ಏನನ್ನಬೇಕು? ಆಡಳಿತ ಭಾಷೆಯ ಪಟ್ಟಿಯಲ್ಲಿ ದೇವಭಾಷೆ, ಬೆಟ್ಟದ ಮಗುವಿನ ಪಠ್ಯದಲ್ಲಿ ಹಿಂದಿ. ತಾಯಿಯ ಭಾಷೆ ಎಲ್ಲಿ?

ಸಂವಿಧಾನದಲ್ಲಿ 350ಎ ಎಂಬ ವಿಧಿ ಇದೆ. 1956ರಲ್ಲಿ ಸೇರಿಸಿದ್ದು. ಅಲ್ಪಸಂಖ್ಯಾತ ನುಡಿಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಸಲು ರಾಜ್ಯಗಳು ಏರ್ಪಾಡು ಮಾಡಲು ಯತ್ನಿಸಬೇಕು ಎನ್ನುತ್ತದೆ. 2020ರ ಶಿಕ್ಷಣ ನೀತಿಯೂ ಅದೇ ರಾಗ ಹಾಡುತ್ತದೆ. ಈಗ ಚಾಲಾಕಿತನ ಗಮನಿಸಿ. ಬಂಗಾಣಿ ಮಗುವಿನ ತಾಯ್ನುಡಿ ಕಾಗದದಲ್ಲಿ ಹಿಂದಿ. ಶಾಲೆಯಲ್ಲಿ ಕಲಿಸುವುದೂ ಹಿಂದಿ. ಅಂದಮೇಲೆ 350ಎ ಪಾಲನೆಯಾಯಿತು! ಕಾನೂನು ಮುರಿಯುವ ಕಷ್ಟವೂ ಇಲ್ಲ. ಮಗುವಿನ ಅಮ್ಮನನ್ನೇ ಬದಲಾಯಿಸಿದರೆ ಸಾಕು.

ಮೊದಲ ದಿನ ಶಾಲೆಗೆ ಹೋದ ಆರು ವರ್ಷದ ಕೂಸು ಮೇಷ್ಟ್ರ ಮಾತು ತಿಳಿಯದೆ ಪಿಳಿಪಿಳಿ ನೋಡುತ್ತದಲ್ಲ, ಅದಕ್ಕೆ ಯಾರು ಹೊಣೆ? ‘ದಡ್ಡ’ ಎಂದು ಹಣೆಪಟ್ಟಿ ಬೀಳುವುದು ಯಾರಿಗೆ? ನಾಲ್ಕು ವರ್ಷದಲ್ಲಿ ಆ ಕೂಸು ಒಂದು ಪಾಠವನ್ನಂತೂ ಚೆನ್ನಾಗಿ ಕಲಿಯುತ್ತದೆ: ಅಮ್ಮನ ಮಾತು ನಾಚಿಕೆಯ ಮಾತು. ಮುಂದೆ ಡೆಹ್ರಾಡೂನಿಗೆ ಕೆಲಸ ಹುಡುಕಿ ಹೋಗುತ್ತದೆ. ತನ್ನ ಮಗುವಿನ ಜೊತೆ ಹಿಂದಿಯಲ್ಲಿ ಮಾತಾಡುತ್ತದೆ. ಆಗ ಅದೇ ಗಣತಿ ಕಚೇರಿ, ನೋಡಿ, ಜನ ತಾವಾಗೇ ಹಿಂದಿ ಅನ್ನುತ್ತಿದ್ದಾರೆ ಎಂದು ಕೈ ತೊಳೆದುಕೊಳ್ಳುತ್ತದೆ. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ.

ನುಡಿಯ ಗತಿಯೇ ನದಿಗೂ. ಬಂಗಾಣದ ಟೋನ್ಸ್ ಮುಂದೆ ಕಾಲ್ಸಿಯ ಬಳಿ ಯಮುನೆಯನ್ನು ಸೇರುತ್ತದೆ. ಸೇರುವಾಗ ಟೋನ್ಸಿನಲ್ಲಿರುವ ನೀರು ಯಮುನೆಯದಕ್ಕಿಂತ ಹೆಚ್ಚು. ಆದರೂ ಅಲ್ಲಿಂದ ಮುಂದೆ ನಕ್ಷೆಯಲ್ಲಿ ಯಮುನೆ ಮಾತ್ರ. ದೆಹಲಿಯವರು ಕುಡಿಯುವಾಗ ಯಾರ ನೀರು ಅಂತ ಕೇಳುತ್ತಾರೆಯೇ?

2022ರ ಏಪ್ರಿಲಿನಲ್ಲಿ ಅದೇ ಯಮುನೆಯ ವ್ಯಾಸಿ ಜಲವಿದ್ಯುತ್ ಯೋಜನೆಯ ನೀರಿನಲ್ಲಿ ಲೋಹಾರಿ ಎಂಬ ಜೌನ್ಸಾರಿ ಊರು ಮುಳುಗಿತು. ಜನ ದಂಡೆಯಲ್ಲಿ ನಿಂತು ಅತ್ತರು. ಫೋಟೊ ಬಂತು, ಸುದ್ದಿಯಾಯಿತು. 2019ರ ಆಗಸ್ಟ್ 18ರಂದು ಬಂಗಾಣದ ಆರಾಕೋಟ್ ಕಣಿವೆಯಲ್ಲಿ ಮೇಘಸ್ಫೋಟವಾಗಿ ಮನೆ, ತೋಟ, ಜನ ಕೊಚ್ಚಿಹೋದರು. ನೆರವು ಹೊತ್ತ ಹೆಲಿಕಾಪ್ಟರೊಂದು ತಂತಿಗೆ ಸಿಕ್ಕಿ ಬಿದ್ದು ಮತ್ತೆ ಮೂವರು ಸತ್ತರು. ಆಗಲೂ ಸುದ್ದಿಯಾಯಿತು. ನೀರು ನುಗ್ಗಿದರೆ ಕ್ಯಾಮೆರಾ ಬರುತ್ತದೆ. ನುಡಿ ಮುಳುಗುವಾಗ ಸದ್ದಾಗುವುದಿಲ್ಲ. ಹೆಣ ತೇಲುವುದಿಲ್ಲ. ಪರಿಹಾರದ ಚೆಕ್ಕಿಗೆ ಯಾರೂ ಸಾಲು ನಿಲ್ಲುವುದಿಲ್ಲ. ಎಷ್ಟು ಅನುಕೂಲ!

ಇನ್ನೊಂದು ತಮಾಷೆ ಕೇಳಿ. ಅಳಿವಿನಂಚಿನ ನುಡಿಗಳನ್ನು ಕಾಪಾಡಲು 2013ರಲ್ಲಿ ಕೇಂದ್ರ ಒಂದು ಯೋಜನೆ ಮಾಡಿತು. ನಡೆಸುವುದು ನಮ್ಮ ಮೈಸೂರಿನ ಭಾರತೀಯ ಭಾಷೆಗಳ ಸಂಸ್ಥಾನ. ಯಾವ ನುಡಿಗೆ? ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಗೆ. ಅತ್ತ ಗಣತಿ ಕಚೇರಿ ಹೆಸರು ಅಳಿಸುವುದು ಯಾವುದನ್ನು? ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಯನ್ನು. ಒಂದೇ ಸರ್ಕಾರ, ಒಂದೇ ಗೆರೆ. ಬಲಗೈ ಗೆರೆಯ ಕೆಳಗಿನವರ ಹೆಸರು ಒರೆಸುತ್ತದೆ, ಎಡಗೈ ಅವರೆಲ್ಲಿ ಎಂದು ಬ್ಯಾಟರಿ ಹಿಡಿದು ಹುಡುಕುತ್ತದೆ. ಎರಡೂ ಕೈಗೆ ಸಂಬಳ ನಮ್ಮ ತೆರಿಗೆಯದು.

ಇಷ್ಟು ಓದಿ ನಿಮ್ಮ ರಕ್ತ ಕುದಿಯುತ್ತಿರಬೇಕು. ಹಿಂದಿಯವರ ದಬ್ಬಾಳಿಕೆ ಅಂತ ಹಲ್ಲು ಕಡಿಯುತ್ತಿರಬೇಕು. ತಾಳಿ. ನಮ್ಮ ಎಲೆ ನೋಡಿಕೊಳ್ಳೋಣ. ಹೆಗ್ಗಣ ಬಿದ್ದಿದೆ.

ವಿಜಯಪುರ, ಕಲಬುರಗಿ, ಬಳ್ಳಾರಿ, ದಾವಣಗೆರೆಯ ತಾಂಡಾಗಳು ಗೊತ್ತಲ್ಲ? ಲಂಬಾಣಿಗರು. ಅವರ ಗೋರ್ ಬೋಲಿ ಗಣತಿಯಲ್ಲಿ ಎಲ್ಲಿದೆ ಗೊತ್ತೆ? ಹಿಂದಿಯ ಕೆಳಗೆ! ‘ಲಮಾಣಿ/ಲಂಬಾಡಿ’ ಎಂದು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ. ನೀವು ಹಿಂದಿ ಹೇರಿಕೆ ವಿರೋಧಿಸಿ ಬೋರ್ಡಿಗೆ ಮಸಿ ಬಳಿದ ದಿನವೂ ನಿಮ್ಮದೇ ತಾಲೂಕಿನ ತಾಂಡಾ ಹಿಂದಿಯ ಲೆಕ್ಕದಲ್ಲಿತ್ತು. ನಿಮ್ಮ ಹೊಲದಲ್ಲಿ ಕಬ್ಬು ಕಡಿಯುವವಳು ಕಾಗದದಲ್ಲಿ ಹಿಂದಿಯವಳು. ಒಂದು ದಿನವಾದರೂ ಅದರ ವಿರುದ್ಧ ಮೆರವಣಿಗೆ ಹೊರಟಿರಾ? ಅವರ ಮದುವೆ ಹಾಡು ಕೇಳಿ ಕುಣಿದಿರಿ, ಕನ್ನಡಿ ಹೊಲಿದ ಲಂಗ ಉಡಿಸಿ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳನ್ನು ಕುಣಿಸಿದಿರಿ. ಅವರ ನುಡಿ ಯಾರ ಪಾಲಾಯಿತು ಎಂದು ಕೇಳಲಿಲ್ಲ.

ಬಡಗರ ಕತೆ ಇನ್ನೂ ಕಹಿ. ನೀಲಗಿರಿಯ ಬಡಗರು, 1 ಲಕ್ಷ 33 ಸಾವಿರ. ಅವರನ್ನು ನುಂಗಿದ್ದು ಹಿಂದಿಯಲ್ಲ. ನಾವು. ಗಣತಿಯಲ್ಲಿ ಬಡಗ ಕನ್ನಡದ ಕೆಳಗಿದೆ. ಬಡಗದ ಸ್ವರಗಳಲ್ಲಿ ಕನ್ನಡದಲ್ಲಿ ಇಲ್ಲದ ನಾಲಿಗೆಮಡಿಕೆ ಇದೆ ಎಂದು ಭಾಷಾವಿಜ್ಞಾನಿ ಎಮೆನೊ 1939ರಲ್ಲೇ ಬರೆದ. ತಮ್ಮದು ಬೇರೆಯೇ ನುಡಿ ಎನ್ನುವ ಬಡಗರಿದ್ದಾರೆ. ಅವರ ಮಾತು ಕೇಳುವ ಸೌಜನ್ಯ ನಮಗಿದೆಯೆ, ಅಥವಾ ಅದು ಕನ್ನಡದ್ದೇ ಒಂದು ಬಗೆ ಎಂದು ಪಾಠ ಹೇಳುತ್ತೇವೆಯೆ? ಅದನ್ನೇ ತಾನೆ ಬಂಗಾಣಿಗೆ ದೆಹಲಿ ಹೇಳುವುದು? ತುಳುವರು 18 ಲಕ್ಷ ಜನ ಎಂಟನೇ ಪರಿಚ್ಛೇದದ ಬಾಗಿಲು ತಟ್ಟುತ್ತಾ ನಿಂತಿದ್ದಾರೆ. ಕೊಡವರೂ ತಟ್ಟುತ್ತಿದ್ದಾರೆ. ನಾವು ಹೆಗಲು ಕೊಟ್ಟು ಆ ಬಾಗಿಲು ನೂಕಿದೆವೆ, ಚಿಲಕ ಹಾಕಿದವರ ಜೊತೆ ಚಹಾ ಕುಡಿದೆವೆ?

ದೊಡ್ಡ ಮೀನು ನಮ್ಮನ್ನು ನುಂಗಿದರೆ ಅನ್ಯಾಯ. ನಾವು ಸಣ್ಣದನ್ನು ನುಂಗಿದರೆ ಅಭಿಮಾನ. ಹೌದೆ?

ಅಧಿಕಾರದವರಿಗೆ ಈ ಬರಹ ತಲುಪುವುದಿಲ್ಲ ಎಂದು ಗೊತ್ತಿದೆ. ತಲುಪಿದರೂ ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲು ಬರುತ್ತದೆ. ಆದರೂ ಕೇಳುತ್ತೇನೆ. ಜನ ಕೊಟ್ಟ ಅಷ್ಟೂ ಹೆಸರುಗಳನ್ನು ಅಚ್ಚು ಹಾಕಿ. ಹತ್ತು ಸಾವಿರದ ಗೆರೆ ಕಿತ್ತೆಸೆಯಿರಿ. ಯಾವ ನುಡಿಯನ್ನು ಯಾವುದರ ಹೊಟ್ಟೆಗೆ ಹಾಕಿದಿರಿ, ಯಾರು ಹಾಕಿದರು, ಯಾವ ಕಾರಣಕ್ಕೆ, ಎಲ್ಲ ಬಿಚ್ಚಿಡಿ. ಬಂಗಾಣಕ್ಕೆ ಹೋಗಿ ಬಂದ ವಿದ್ವಾಂಸರೇ, ನಿಮ್ಮ ಟೇಪುಗಳು ಯಾವ ಊರಿನ ಯಾವ ಬೀರುವಿನಲ್ಲಿದ್ದರೂ ಅವುಗಳ ಒಂದು ಪ್ರತಿ ಮೋರಿ ತಾಲೂಕಿಗೆ ಹೋಗಲಿ. ಮೊಮ್ಮಕ್ಕಳು ಕೇಳಲಿ. ನೂರಕ್ಕೆ ಅಜ್ಜಿ ಕೊತೊ ಅಂದಳೋ ಇಲ್ಲವೋ, ಅವರೇ ಹೇಳುತ್ತಾರೆ.

ಮುಂದಿನ ಗಣತಿಯ ಲೆಕ್ಕದ ದಿನ ಹಿಮ ಮುಚ್ಚುವ ಸೀಮೆಗಳಿಗೆ 2026ರ ಅಕ್ಟೋಬರ್ 1. ನಮ್ಮಂಥವರಿಗೆ 2027ರ ಮಾರ್ಚ್ 1. ಈ ಸಲ ಕಾಗದವಿಲ್ಲ, ಮೊಬೈಲಿನಲ್ಲಿ ಒತ್ತಿಕೊಂಡು ಹೋಗುತ್ತಾರೆ. ನಿಮ್ಮ ಮನೆಯದು ಮುಗಿದ ಮೇಲೆ ಬಾಗಿಲು ಹಾಕಿಕೊಳ್ಳಬೇಡಿ. ಗಣತಿಯ ಮೇಷ್ಟ್ರ ಜೊತೆ ತಾಂಡಾವರೆಗೆ ನಡೆದು ಹೋಗಿ. ತಾಯ್ನುಡಿ ಎಂಬ ಪ್ರಶ್ನೆ ಬಂದಾಗ ಅವರ ಹೆಬ್ಬೆರಳು ಎಲ್ಲಿ ಒತ್ತುತ್ತದೆ ನೋಡಿ. ತಪ್ಪು ಒತ್ತಿದರೆ ಕೈ ಹಿಡಿದು ನಿಲ್ಲಿಸಿ.